ಉಬ್ಬಿದ ಹೊಳೆ, ಕವಿದ ಮೋಡ

2024ರ ಅಕ್ಟೋಬರ್‌ನಲ್ಲಿ ಮಳೆನೀರು ನುಗ್ಗಿ ಬೆಂಗಳೂರಿನ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಅಕ್ಷರಶಃ ದ್ವೀಪವಾಗಿತ್ತು. ನಿವಾಸಿಗಳು ದೋಣಿ ಹತ್ತಿ ಹೊರಬಂದರು. ಹವಾಮಾನ ಕೆಟ್ಟಿತೆಂದರು ಕೆಲವರು, ರಾಜಕಾಲುವೆ ಕಟ್ಟಿಕೊಂಡಿತೆಂದರು ಹಲವರು.

ಕಾರಣ ಯಾವುದೆಂಬ ಈ ಜಗಳ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನದಷ್ಟು ಹಳೆಯದು. ಮೋಡ ಕವಿದರೆ ಮಳೆ ಬಂದೀತು ಎಂದು ಕಾರಣದಿಂದ ಕಾರ್ಯವನ್ನು ಊಹಿಸುವುದು ಪೂರ್ವವತ್ ಅನುಮಾನ; ಹೊಳೆ ಉಬ್ಬಿದೆ, ಮೇಲೆಲ್ಲೋ ಮಳೆಯಾಗಿದೆ ಎಂದು ಕಾರ್ಯದಿಂದ ಕಾರಣವನ್ನು ಊಹಿಸುವುದು ಶೇಷವತ್. ಈ ಉದಾಹರಣೆಗಳು ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನವು. ಹವಾಮಾನ ವಿಜ್ಞಾನಿಗಳು ಈಗಲೂ ಈ ಎರಡು ದಾರಿಗಳಲ್ಲೇ ನಡೆಯುತ್ತಾರೆ, ಹೆಸರು ಮಾತ್ರ ಬೇರೆ.

ಉದಾಹರಣೆಗೆ, ಲಕ್ಷದ್ವೀಪದ ಮಿನಿಕಾಯ್ ಸುಮಾರು 10 ಕಿ.ಮೀ. ಉದ್ದದ ದ್ವೀಪ. ಜಾಗತಿಕ ಹವಾಮಾನ ಮಾದರಿಗಳ ಒಂದೊಂದು ಚೌಕ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು, ಆ ಲೆಕ್ಕದಲ್ಲಿ ಮಿನಿಕಾಯ್ ಇಲ್ಲವೇ ಇಲ್ಲ, ಬರೀ ಕಡಲು! ಅಲ್ಲಿನ ಭವಿಷ್ಯ ಹೇಳಬೇಕಾದರೆ ಮಾದರಿಯೆಂಬ ಜರಡಿಯ ಕಣ್ಣು ಸಣ್ಣದಾಗಬೇಕು. ಭೂತಕಾಲದ ಕಡಲ ಬಿಸಿಗೆ ಹವಳವೇ ಸಾಕ್ಷಿ. ಅದು ಮರದಂತೆ ವರ್ಷವರ್ಷವೂ ಪದರಗಟ್ಟುತ್ತದೆ. ನೀರು ಬೆಚ್ಚಗಿದ್ದಷ್ಟೂ ಪದರದಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಸ್ಟ್ರಾನ್ಷಿಯಂ ಕಡಿಮೆ.

ಆದರೆ ಯಾರೂ ಕಾಣದ್ದನ್ನು ನಂಬುವುದು ಹೇಗೆ? ನ್ಯಾಯಸೂತ್ರದಲ್ಲಿ ಆಕ್ಷೇಪವೆತ್ತುವ ಪೂರ್ವಪಕ್ಷಿ ಇದನ್ನೇ ಕೆಣಕುತ್ತಾನೆ: ಒಡ್ಡು ಅಡ್ಡಬಂದರೂ ಹೊಳೆ ಉಬ್ಬುತ್ತದಲ್ಲ! ಉಬ್ಬಷ್ಟೇ ಸಾಲದು, ನೀರಿನ ರಭಸ, ನೊರೆ, ತೇಲಿಬರುವ ಎಲೆ, ಕಟ್ಟಿಗೆ ನೋಡು ಎನ್ನುತ್ತದೆ ಭಾಷ್ಯ. ಎಂಥ ಸೊಗಸಾದ ಉತ್ತರ. ಹವಳಕ್ಕೂ ಇಂಥ ಒಡ್ಡುಂಟು: ತೀರಾ ಕಾದ ವರ್ಷ ಅದು ಬಿಳಿಚಿ, ಬೆಳವಣಿಗೆಯೇ ಕುಂಠಿತವಾಗಬಹುದು. ಹಾಗಾಗಿ ಒಂದನ್ನೇ ನೆಚ್ಚದೆ, ವಿಜ್ಞಾನಿಗಳು ಹಲವು ಹವಳಗಳನ್ನು ತಾಳೆ ನೋಡುತ್ತಾರೆ.

ಭಾಷ್ಯದ ಹೊಳೆಗೆ ಮಳೆ ಅಥವಾ ಒಡ್ಡು, ಯಾವುದಾದರೊಂದು ಕಾರಣ. ಆದರೆ ಯಲಹಂಕದಲ್ಲಿ ಅಂದು ಮಳೆಯೂ ವಿಪರೀತ, ಕಾಲುವೆಯೂ ಇಕ್ಕಟ್ಟು.