ಗೇರ್ ಮಾತು ಕೇಳುವುದಿಲ್ಲ



ಈ ವಾರ ‘ನನ್ನದು’ ಎಂಬ ಮಾತನ್ನೇ ಹಿಡಿದು ಓದುತ್ತಿದ್ದೇವೆ. ನಾಗಸೇನರ ರಥ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಬಾಯಿಪಾಠ. ಇಂದು ಅದರಿಂದ ಇಳಿದು ಬೇರೊಂದು ಗಾಡಿ ಹತ್ತೋಣ.

1929ರಲ್ಲಿ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿ 20/25 ಎಂಬ ಕಾರನ್ನು ತಂದಿತು. ಆಗೆಲ್ಲ ಕಂಪನಿ ಮಾರುತ್ತಿದ್ದದ್ದು ಇಂಜಿನ್ ಕೂರಿಸಿದ ಚಾಸಿ ಮಾತ್ರ. ನಮ್ಮಲ್ಲಿ ಲಾರಿಗೆ ಬಾಡಿ ಕಟ್ಟಿಸುವ ಹಾಗೆ, ಕೊಂಡವರು ತಮಗೆ ಬೇಕಾದವರ ಹತ್ತಿರ ಬಾಡಿ ಕಟ್ಟಿಸಿಕೊಳ್ಳುತ್ತಿದ್ದರು. ‘ನನ್ನದು’ ಎನ್ನಲು ಇದಕ್ಕಿಂತ ಬಲವಾದ ಕಾರಣ ಬೇಕೆ?

ಆದರೆ ಇಂದು ಅದನ್ನು ಇಟ್ಟುಕೊಂಡವರು ಓಡಿಸುವ ಬಗೆ ನೋಡಿ. ಮೊದಮೊದಲ ಕಾರುಗಳ ಗೇರ್ ಬಾಕ್ಸಿನಲ್ಲಿ ಸಿಂಕ್ರೊಮೆಶ್ ಇಲ್ಲ. ಗೇರ್ ಇಳಿಸಬೇಕಾದರೆ ಕ್ಲಚ್ ಒತ್ತಿ, ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ತುಸು ಒತ್ತಿ ಇಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. (ನಮ್ಮ ಹಳೆಯ ಲಾರಿ ಡ್ರೈವರುಗಳು ‘ಇದೇನು ದೊಡ್ಡ ವಿದ್ಯೆ, ಮೇಷ್ಟ್ರೇ’ ಎಂದಾರು!) ಕಿವಿ ಇಂಜಿನ್ ಕಡೆಗೇ ಇರಬೇಕು. ಕ್ಷಣ ತಪ್ಪಿದರೆ ಹಲ್ಲು ಕಡಿದ ಸದ್ದು. ಮಾಲೀಕನ ಹೆಸರು, ಹಣ, ಗತ್ತು ಒಂದೂ ಗೇರಿಗೆ ತಿಳಿಯದು. ಟ್ರಾಫಿಕ್ಕಿನಲ್ಲಿ ನಿಂತು ರೇಡಿಯೇಟರಿನ ನೀರು ಕುದಿಯತೊಡಗಿದರೆ ‘ಕುದಿಯಬೇಡ’ ಎಂದರೆ ಕೇಳೀತೆ?

ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಭಗವಾನರು ಬೋಧಿಸಿದ ಅನತ್ತಲಕ್ಖಣ ಸುತ್ತದ ತರ್ಕವೂ ಇದೇ ಜಾಡಿನದು. ಈ ಶರೀರ ನಿಜಕ್ಕೂ ‘ನಾನು’ ಆಗಿದ್ದರೆ, ಹೇಳಿದಂತೆ ಇರಬೇಕಿತ್ತಲ್ಲ?

ಹಾಗಾದರೆ ನನ್ನದಲ್ಲದ್ದನ್ನು ಜೋಪಾನ ಮಾಡುವುದೇಕೆ? ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಸವೆದೀತೆಂದು ಹೆದರಿ ಶೆಡ್ಡಿನಲ್ಲಿ ಮುಚ್ಚಿಟ್ಟ ಕಾರು ಉಳಿಯುವುದಿಲ್ಲ. ಪೆಟ್ರೋಲ್ ಅಂಟಾಗುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಟೈರು ಬಿರಿಯುತ್ತದೆ. ಪೆಟ್ಟಿಗೆಯ ತಳದಲ್ಲಿಟ್ಟ ಧಾರೆ ಸೀರೆ ಮಡಿಕೆಯಲ್ಲೇ ಸೀಳುವುದನ್ನು ನಮ್ಮ ಹೆಣ್ಣುಮಕ್ಕಳು ಬಲ್ಲರು. ಓಡಿಸಿದರೂ ಸವೆತ, ಇಟ್ಟರೂ ಸವೆತ.

ಹಳೆಯ ಕಾರಿನವರಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ನಾವು ಮಾಲೀಕರಲ್ಲ, ಮುಂದಿನವರಿಗಾಗಿ ನೋಡಿಕೊಳ್ಳುವವರು. ಚೆಂದದ ಮಾತು. ಆದರೂ ನನಗೆ ಸ್ವಲ್ಪ ಗುಮಾನಿ. ಪ್ರದರ್ಶನಕ್ಕೆ ನಿಲ್ಲಿಸಿದ ಕಾರಿನ ಹೊಳೆಯುವ ಮಡ್‌ಗಾರ್ಡನ್ನು ಮಗುವೊಂದು ಎಣ್ಣೆಗೈಯಲ್ಲಿ ಮುಟ್ಟಿದರೆ ಸಾಕು, ‘ನೋಡಿಕೊಳ್ಳುವವನ’ ಒಳಗಿಂದ ಮಾಲೀಕ ಎದ್ದು ನಿಲ್ಲುತ್ತಾನೆ. ಇದಕ್ಕಿಂತ ಗೇರ್ ಬದಲಿಸುವ ಆ ಒಂದು ಕ್ಷಣವನ್ನೇ ನಾನು ಹೆಚ್ಚು ನಂಬುತ್ತೇನೆ. ಅಲ್ಲಿ ಕಿವಿಗೊಡುವ ಕೆಲಸವೇ ಅಷ್ಟಿರುವಾಗ ‘ನನ್ನದು’ ಎನ್ನಲು ಪುರುಸೊತ್ತೆಲ್ಲಿ?

ಭಾನುವಾರ ಕೂಡಿದಾಗ ಇದನ್ನು ಚರ್ಚಿಸೋಣ: ಕಾರನ್ನೂ ಕೆಡಲು ಬಿಡದೆ, ಆ ಮಗುವಿನ ಕೈಯನ್ನೂ ಗದರಿ ಸರಿಸದೆ ಇರುವುದು ಹೇಗೆ? ನಿಮ್ಮ ನಿಮ್ಮ ಮನೆಯ ಒಂದೊಂದು ಉದಾಹರಣೆ ತನ್ನಿ.