ಮೊದಲಿನಷ್ಟಿಲ್ಲ

ನಮ್ಮ ಮನೆಗಳಲ್ಲಿ ‘ಮೊದಲಿನಷ್ಟಿಲ್ಲ’ ಎಂಬ ಮಾತಿಗೆ ಬಿಡುವೇ ಇಲ್ಲ. ಹಾಲು ಮೊದಲಿನಷ್ಟು ಗಟ್ಟಿಯಿಲ್ಲ, ನಲ್ಲಿಯಲ್ಲಿ ನೀರು ಮೊದಲಿನಷ್ಟು ರಭಸವಾಗಿ ಬರುವುದಿಲ್ಲ, ಹುಣಿಸೇಹಣ್ಣು ಮೊದಲಿನಷ್ಟು ಹುಳಿಯಿಲ್ಲ. ಗಂಡಂದಿರ ವಿಷಯ ಇಲ್ಲಿ ಬೇಡ. ಹೀಗೆ ಗೊಣಗುತ್ತಲೇ ಅರ್ಧ ಆಯುಷ್ಯ ಕಳೆದ ನನಗೆ, 2022ರ ಒಂದು ಭಾನುವಾರ ಮಗ ಕಾರಿನಿಂದ ಇಳಿದು, “ಅಮ್ಮ, ಸಬ್‌ವೂಫರ್ ಸೌಂಡು ಮೊದಲಿನಷ್ಟಿಲ್ಲ” ಎಂದಾಗ ಮೊದಲು ಆದದ್ದು ಸಂತೋಷವೇ.

ಸಬ್‌ವೂಫರ್ ಎಂದರೆ ಕಾರಿನ ಡಿಕ್ಕಿಯಲ್ಲಿ ಕೂರಿಸುವ ಒಂದು ದೊಡ್ಡ ಡಬ್ಬ. ಹಾಡಿನಲ್ಲಿ ದಿಂ ದಿಂ ಎನ್ನುವ ಕೆಳಗಿನ ದನಿಯನ್ನಷ್ಟೇ ಅದು ನುಡಿಸುತ್ತದೆ. ಕಿವಿಗಿಂತ ಎದೆಗೇ ಅದು ಹೆಚ್ಚು ಕೇಳಿಸುವುದು. ಮಗನ ಕಾರು ನಮ್ಮ ಬೀದಿಗೆ ತಿರುಗಿತೆಂದು ನನಗೆ ತಿಳಿಯುತ್ತಿದ್ದದ್ದು ಅಡುಗೆಮನೆಯ ಒಗ್ಗರಣೆ ಡಬ್ಬಿಯ ಮುಚ್ಚಳ ನಡುಗಿದಾಗ. ಅಂಥ ಶಬ್ದ ಕಡಿಮೆಯಾದರೆ ಅಳುವವರು ಯಾರು? ಆದರೆ ಮಗನ ಮುಂದಿನ ಮಾತು ಕೇಳಿ ನಗು ನಿಂತಿತು. “ಹೋದ ವಾರ ಹಾರನ್ ರಿಪೇರಿಗೆ ಗಾಡಿ ಬಿಟ್ಟಿದ್ದೆನಲ್ಲ, ಆ ಅಂಗಡಿಯ ಹುಡುಗ ಒರಿಜಿನಲ್ ಬಿಚ್ಚಿಕೊಂಡು ಡುಪ್ಲಿಕೇಟ್ ಕೂರಿಸಿದ್ದಾನೆ.”

ನಾನು ಬೇಡವೆನ್ನಲಿಲ್ಲ. “ಇರಬಹುದು ಕಣೋ, ಈಗಿನ ಕಾಲ” ಎಂದೆ. ಆ ‘ಇರಬಹುದು’ ನನ್ನದೇ ಮಾತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮಗ ಹೋಗಿ ಗಲಾಟೆ ಮಾಡಿ ಬಂದ. ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ ವಯಸ್ಸು. “ನಾನು ಡಿಕ್ಕಿಯನ್ನೇ ತೆಗೆದಿಲ್ಲ ಸಾರ್” ಎಂದನಂತೆ, ಅಷ್ಟೇ. ಗಿರಾಕಿ ಕೈತಪ್ಪುತ್ತಾನೆಂಬ ಭಯಕ್ಕೆ ಮಾಲೀಕ ಎಲ್ಲರೆದುರಿಗೇ, “ನಾಳೆಯಿಂದ ನೀನು ಬರಬೇಡ” ಎಂದುಬಿಟ್ಟ. ಒಂದು ಕೆಲಸ ಹೋಯಿತು. ಸೌಂಡು ಮಾತ್ರ ಬರಲಿಲ್ಲ.

ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡುತ್ತಿದ್ದವರು, ಬೀದಿಗೆಲ್ಲ ರೇಡಿಯೋ ಮಾಮ. ಅವರನ್ನು ಕರೆದೆವು. ಅವರು ಯಾರ ಮೇಲೂ ಸಂಶಯಪಡದೆ ಫ್ಯೂಸು ನೋಡಿದರು, ಆಂಪ್ಲಿಫೈಯರಿನ ತಿರುಪು ನೋಡಿದರು, ಅರ್ಥಿಂಗ್ ವೈರು ಕಾರಿನ ಮೈಗೆ ಸೇರುವ ನಟ್ಟು ತುಕ್ಕು ಹಿಡಿದಿದೆಯೇ ಎಂದು ಕೆರೆದು ನೋಡಿದರು. ಎಲ್ಲ ಸರಿ ಇತ್ತು. ಆಮೇಲೆ ಹಾಡು ಹಾಕಿಸಿ, ಡಿಕ್ಕಿಯ ಡಬ್ಬಕ್ಕೆ ಹೋಗುವ ವೈರನ್ನು ಕಿತ್ತುಬಿಟ್ಟರು. ಆಶ್ಚರ್ಯವೆಂದರೆ, ಡಬ್ಬ ಬಾಯಿ ಮುಚ್ಚಿದ ಮೇಲೆ ಹಾಡಿನ ದಿಂ ದಿಂ ಇನ್ನಷ್ಟು ತುಂಬಿಕೊಂಡಿತು!

ಮಾಮ ಟಾರ್ಚಿನಿಂದ ಒಂದೂವರೆ ವೋಲ್ಟಿನ ಸೆಲ್ಲು ತೆಗೆದರು. ಆಂಪ್ಲಿಫೈಯರಿನ ಕಡೆಯ ತುದಿ ಬಿಚ್ಚಿ, ಪ್ಲಸ್ ವೈರಿಗೆ ಸೆಲ್ಲಿನ ತಲೆಯನ್ನೂ ಮೈನಸ್ ವೈರಿಗೆ ಬುಡವನ್ನೂ ಒಂದು ಕ್ಷಣ ತಾಗಿಸಿದರು. ಆಗ ಸ್ಪೀಕರಿನ ಬಟ್ಟಲು ಮುಂದಕ್ಕೆ ಹಾರಬೇಕಂತೆ. ಅದು ಒಳಕ್ಕೆ ಕುಸಿಯಿತು. “ಏನೂ ಕೆಟ್ಟಿಲ್ಲ ಮರಿ, ವೈರು ತಿರುಗುಮುರುಗಾಗಿದೆ” ಎಂದರು. ಬಾಗಿಲ ಸ್ಪೀಕರುಗಳು ಗಾಳಿಯನ್ನು ಮುಂದೆ ನೂಕುವ ಹೊತ್ತಿಗೆ ಹಿಂದಿನ ಡಬ್ಬ ಅದೇ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಎರಡೂ ಮೈಮುರಿದು ದುಡಿಯುತ್ತಿದ್ದವು, ಒಂದರ ದುಡಿಮೆಯನ್ನು ಇನ್ನೊಂದು ಅಳಿಸಿಹಾಕುತ್ತಿತ್ತು. (ಕೂಡುಕುಟುಂಬದಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

“ಈ ಡಬ್ಬ ಬಿಚ್ಚಿದ್ದು ಯಾರು?” ಎಂದು ಮಾಮ ಕೇಳಿದಾಗ ಮಗ ನನ್ನ ಮುಖ ನೋಡಿದ. ಹದಿನೈದು ದಿನದ ಹಿಂದೆ ಮಗಳ ಸೀಮಂತದ ಸಾಮಾನಿಗೆ ಜಾಗ ಬೇಕೆಂದು ಅವನೇ ಬಿಚ್ಚಿ, ರಾತ್ರಿ ಹನ್ನೊಂದಕ್ಕೆ ಮರಳಿ ಕೂರಿಸಿದ್ದ. ಮೊಬೈಲಿನ ಬೆಳಕು ಹಿಡಿದು ನಿಂತವಳು ನಾನು. ಆಮೇಲೆ ಮನೆ ತುಂಬ ನೆಂಟರು. ಕಾರಿನಲ್ಲಿ ಹಾಡು ಹಾಕಿದ್ದೇ ಹಾರನ್ ರಿಪೇರಿಯಾದ ಮೇಲೆ.

“ಆದರೂ ಸೌಂಡು ಕಡಿಮೆಯಾದದ್ದು ನಿಜ ತಾನೇ? ನಾನೇನು ಸುಳ್ಳು ಹೇಳಿದೆನೇ?” ಎಂದ ಮಗ. ನಾಲ್ಕು ದಿನ ನನ್ನನ್ನು ಕಾಡಿದ್ದು ಈ ಪ್ರಶ್ನೆ. ಅವನ ಕಿವಿ ಸುಳ್ಳು ಹೇಳಿರಲಿಲ್ಲ. ಕಿವಿಯೂ ಮೋಸ ಮಾಡುವುದುಂಟು. ವಾಲ್ಯೂಮ್ ಸ್ವಲ್ಪ ತಗ್ಗಿಸಿದರೂ ಮಂದ್ರದ ದನಿ ಮನುಷ್ಯನ ಕಿವಿಗೆ ಉಳಿದ ದನಿಗಳಿಗಿಂತ ಬೇಗ ಮರೆಯಾಗುತ್ತದೆಂದು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ. ಇಲ್ಲಿ ಹಾಗಾಗಿರಲಿಲ್ಲ. ಕೇಳಿಸಿದ್ದು ನಿಜ. ಆದರೆ ‘ಕಡಿಮೆಯಾಗಿದೆ’ ಎನ್ನುವುದರಿಂದ ‘ಕದ್ದಿದ್ದಾನೆ’ ಎನ್ನುವುದಕ್ಕೆ ಅವನು ಹಾರಿದ್ದು ಕಿವಿಯ ಕೆಲಸವಲ್ಲ. ನಡುವೆ ಫ್ಯೂಸಿತ್ತು, ನಟ್ಟಿತ್ತು, ತನ್ನದೇ ಕೈಯಿತ್ತು. ಅವನ್ನೆಲ್ಲ ನೋಡಲು ಬಗ್ಗಬೇಕು, ಕೈ ಕೊಳೆ ಮಾಡಿಕೊಳ್ಳಬೇಕು. ಸಂಶಯಪಡಲು ಸ್ಕ್ರೂಡ್ರೈವರ್ ಬೇಡ.

ಇದನ್ನೆಲ್ಲ ಮಗನಿಗೆ ಹೇಳಲು ಹೊರಟವಳಿಗೆ ನಾಲಿಗೆ ತಡೆಯಿತು. 2006ರಲ್ಲಿ ನಮ್ಮ ಮನೆಯ ಬೆಳ್ಳಿಯ ಕುಂಕುಮದ ಬಟ್ಟಲು ಕಾಣೆಯಾಗಿತ್ತು. ಕೆಲಸದಾಕೆಯನ್ನು ನಾನು ಏನೂ ಅನ್ನಲಿಲ್ಲ. ಅವಳೆದುರಿಗೆ ಪಾತ್ರೆಗಳನ್ನು ಎಣಿಸಿ ಹಾಕತೊಡಗಿದೆ, ಅಷ್ಟೆ. ತಿಂಗಳು ತುಂಬಿದ ದಿನ ಸಂಬಳ ತೆಗೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ರೇಷ್ಮೆ ಸೀರೆ ಬಿಡಿಸಿದಾಗ ಬಟ್ಟಲು ಮಡಿಕೆಯೊಳಗಿತ್ತು. ಬಾಯಿಬಿಟ್ಟು ಅಂದಿದ್ದರಲ್ಲವೇ ಕ್ಷಮೆ ಕೇಳುವುದು, ಅನ್ನದೇ ಇದ್ದದ್ದಕ್ಕೆ ಏನೆಂದು ಕೇಳುವುದು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಹದಿನಾರು ವರ್ಷ ನಡೆಯಿತು. ಮಗನದು ಒಂದು ಲೆಕ್ಕದಲ್ಲಿ ನನಗಿಂತ ಮೇಲು. ಅವನು ಎದುರಿಗೇ ಅಂದ. ಹುಡುಗನಿಗೆ “ಇಲ್ಲ ಸಾರ್” ಎನ್ನುವ ಅವಕಾಶವಾದರೂ ಸಿಕ್ಕಿತು. ನಾನು ಎಣಿಸಿದ ಲೋಟಗಳಿಗೆ ಅವಳು ಏನೆಂದು ಉತ್ತರ ಕೊಡಬೇಕಿತ್ತು? ಆಮೇಲೆ ಅವಳ ಮನೆ ಹುಡುಕಿಸಿದೆ. ಊರು ಬಿಟ್ಟು ಬಹಳ ಕಾಲವಾಗಿತ್ತು.

ಮಗ ಮಾಲೀಕನಿಗೆ ಫೋನು ಮಾಡಿ ನಿಜ ಹೇಳಿದ. ಮಾಲೀಕ ನಕ್ಕು, “ಬಿಡಿ ಸಾರ್, ಬೇರೆ ಹುಡುಗ ಬಂದಿದ್ದಾನೆ” ಎಂದನಂತೆ. ಹಳೆಯ ಹುಡುಗ ಬಸ್‌ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಿದ. ನಾನೂ ಜೊತೆಗಿದ್ದೆ. ಟ್ಯೂಬು ನೀರಿನಲ್ಲದ್ದಿ ಗುಳ್ಳೆ ನೋಡುತ್ತಿದ್ದವನು ಎದ್ದು ನಿಂತ. ಮಗ ತಡವರಿಸುತ್ತ, “ತಪ್ಪಾಯಿತಪ್ಪಾ, ವೈರು ತಿರುಗಿಸಿ ಹಾಕಿದ್ದು ನಾನೇ” ಎಂದ. ಹುಡುಗ ಕೈ ಒರೆಸಿಕೊಂಡ.

“ಈಗ ಸೌಂಡು ಸರಿ ಇದೆಯಾ ಸಾರ್?”

“ಇದೆ.”

“ಓನರಿಗೆ ಹೇಳಿದಿರಾ?”

“ಹೇಳಿದೆ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಇನ್ನೂ ಇಬ್ಬರು ಹುಡುಗರಿದ್ದರಲ್ಲ ಸಾರ್, ನನ್ನ ಊರಿನವರು. ಅವರಿಗೆ?” ಎಂದ.

ಅವರಿಗೆ ಹೇಳಿರಲಿಲ್ಲ. ಮಗ ಕಾರನ್ನು ಆ ಅಂಗಡಿಯ ಕಡೆಗೆ ತಿರುಗಿಸಿದ.