ಮದುವೆ ಔಷಧಿಯಲ್ಲ

ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಬೇಕೇ ಬೇಡವೇ ಎಂಬ ವಿವಾದವನ್ನು ನೀವೂ ಕೇಳಿದ್ದೀರಿ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ ಈ ಬಗ್ಗೆ ತೀರ್ಪು ಕೊಟ್ಟಿತು. ಮದುವೆ ಸಂವಿಧಾನ ನೀಡಿದ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದು ಐವರೂ ಹೇಳಿದರು. "ಸದ್ಯ, ನಮ್ಮ ಮದುವೆಯ ಪಾವಿತ್ರ್ಯ ಉಳಿಯಿತು" ಎಂದು ನಮ್ಮಲ್ಲಿ ಹಲವರು ಸಮಾಧಾನಪಟ್ಟಿರಬಹುದು.

ನಿಜವಾಗಿಯೂ ಉಳಿಯಿತೇ? ಅರ್ಜಿದಾರರು ಮುಖ್ಯವಾಗಿ ಕೇಳಿದ್ದು 1954ರ ವಿಶೇಷ ವಿವಾಹ ಕಾಯಿದೆಯಡಿ ನೋಂದಣಿಯ ಅವಕಾಶವನ್ನು. ದೇವಾಲಯದ ಪೀಠದ ಮುಂದೆ ಮದುವೆಯನ್ನಲ್ಲ. ಆಸ್ಪತ್ರೆಯಲ್ಲಿ ಯಾರು ಸಹಿ ಹಾಕಬೇಕು, ಪಿಂಚಣಿ ಯಾರಿಗೆ ಸಲ್ಲಬೇಕು ಎಂಬಂಥ ಪ್ರಶ್ನೆಗಳು ಅದರ ಹಿಂದಿದ್ದವು. ಇಂಥ ಜೋಡಿ ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು 2024ರಲ್ಲಿ ಕೇಂದ್ರ ಸರ್ಕಾರವೇ ಸ್ಪಷ್ಟಪಡಿಸಿತು. ಅದರಿಂದ ನಮ್ಮ ಯಾವ ಸಂಸಾರವೂ ಮುರಿಯಲಿಲ್ಲ.

ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ವಿವಾಹವು ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ನಡುವಿನ ಒಡಂಬಡಿಕೆ. ಸಲಿಂಗ ಸಂಬಂಧಗಳ ಕಾನೂನು ಮಾನ್ಯತೆಯನ್ನು ವಿರೋಧಿಸಬೇಕೆಂದು 2003ರಲ್ಲಿ ವ್ಯಾಟಿಕನ್ ಕಥೋಲಿಕರಿಗೆ ತಿಳಿಸಿತು. ಆದರೆ ಧರ್ಮೋಪದೇಶ ಗ್ರಂಥದ 2358ನೇ ಪರಿಚ್ಛೇದವೂ ಅದೇ ಧರ್ಮಸಭೆಯ ಬೋಧನೆ. ಇಂಥವರನ್ನು ಗೌರವದಿಂದ, ಅನುಕಂಪದಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯ ಸಲ್ಲದು ಎನ್ನುತ್ತದೆ ಅದು. ಮೊದಲನೆಯದು ನಮಗೆ ಬಾಯಿಪಾಠವಾಗಿದೆ. ಎರಡನೆಯದನ್ನು ಮನೆಯಲ್ಲಿ ಎಷ್ಟು ಮಂದಿ ಓದಿದ್ದೇವೆ?

ಮಗನೊಬ್ಬ ತಾಯಿಯ ಬಳಿ ತನ್ನ ಮನಸ್ಸನ್ನು ಬಿಚ್ಚಿಟ್ಟನೆನ್ನಿ. ಅನೇಕ ಮನೆಗಳಲ್ಲಿ ಮುಂದೇನಾಗುತ್ತದೆ? ಅಳು, ಹರಕೆ, ಕೊನೆಗೆ ಹೆಣ್ಣು ಹುಡುಕುವ ಅವಸರ. "ಒಂದು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ" ಎಂದು ಹಿರಿಯರು ಧೈರ್ಯ ಹೇಳುತ್ತಾರೆ. ದೇವಾಲಯದಲ್ಲಿ ಪ್ರಕಟಣೆ ಓದಿ, ಅಡ್ಡಿ ಗೊತ್ತಿದ್ದವರು ತಿಳಿಸಬೇಕೆಂದು ಗುರುಗಳು ಕೇಳುವಾಗ, ಎಲ್ಲ ತಿಳಿದೂ ಮೌನವಾಗಿ ಕೂರುವವರು ಹೆತ್ತವರೇ ಆಗಿರುತ್ತಾರೆ.

ಆ ಹುಡುಗಿ ಮಾಡಿದ ತಪ್ಪೇನು? ಅವಳೂ ಒಬ್ಬ ತಾಯಿಯ ಮಗಳಲ್ಲವೇ? ಗಂಡ ತನ್ನಿಂದ ಏಕೆ ದೂರ ಎಂದು ತಿಳಿಯದೆ ತನ್ನಲ್ಲೇ ಕೊರತೆ ಹುಡುಕುತ್ತಾ ಅವಳು ಬದುಕು ಸವೆಸಬೇಕೇ? ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದನ್ನು ಒಪ್ಪಿಗೆ ಪಡೆಯಲೆಂದೇ ಮುಚ್ಚಿಟ್ಟು ವಂಚಿಸಿದರೆ, ವಂಚಿತರಾದವರ ವಿವಾಹ ಸಿಂಧುವಲ್ಲ ಎನ್ನುತ್ತದೆ ಧರ್ಮಸಭೆಯ ಕಾನೂನಿನ 1098ನೇ ವಿಧಿ. ಬಲವಂತಕ್ಕೋ ಭಾರೀ ಭಯಕ್ಕೋ ಮಣಿದು ಆದ ಮದುವೆಯೂ ಸಿಂಧುವಲ್ಲ ಎನ್ನುತ್ತದೆ 1103ನೇ ವಿಧಿ. ಅಂದರೆ ಸಂಸ್ಕಾರವನ್ನು ಕಾಪಾಡುತ್ತೇವೆಂದು ಹೊರಟ ನಾವೇ ಅದನ್ನು ಬರಿದು ಮಾಡುತ್ತೇವೆ. ದೆಹಲಿಯ ತೀರ್ಪು ಯಾವ ಕಡೆ ವಾಲಿದರೂ ಈ ಹಾನಿ ತಪ್ಪುತ್ತಿರಲಿಲ್ಲ.

ಆದ್ದರಿಂದ ಹೆತ್ತವರೇ, ನಿಮ್ಮ ಮಗುವನ್ನು ಮದುವೆಗೆ ಒತ್ತಾಯಿಸಬೇಡಿ, ಮನೆಯಿಂದ ಹೊರಗೂ ಹಾಕಬೇಡಿ. ಅದರ ಮಾತನ್ನು ಪೂರ್ತಿ ಕೇಳಿ. ನಂಬಿಕೆಯ ಗುರುಗಳೊಬ್ಬರ ಬಳಿ ಮನಸ್ಸು ಹಗುರ ಮಾಡಿಕೊಳ್ಳಿ. ನೆರೆಹೊರೆಯವರೇ, "ಮದುವೆ ಯಾವಾಗ?" ಎಂದು ಪೂಜೆ ಮುಗಿದ ಕೂಡಲೇ ಆ ಯುವಕನನ್ನು ಕೇಳುವ ಬದಲು, ಊಟಕ್ಕೆ ಕರೆಯಿರಿ. ಮುಂದೊಂದು ದಿನ ಸಂಸತ್ತು ಏನೇ ನಿರ್ಧರಿಸಲಿ, ಇಷ್ಟನ್ನು ಮಾಡಲು ನಮಗೆ ಯಾವ ಕಾನೂನೂ ಬೇಕಿಲ್ಲ.